ಅಕ್ಬರನ ಕಮರ್ಗಾ ಬೇಟೆಯ ಚಿತ್ರ

ಅಕ್ಬರನ ಕಮರ್ಗಾ ಬೇಟೆಯ ಚಿತ್ರವು 'ಅಕ್ಬರ್‌ನಾಮಾ' ಗ್ರಂಥದ ಹಸ್ತಪ್ರತಿಯೊಂದಕ್ಕಾಗಿ 16ನೆಯ ಶತಮಾನದ ಕೊನೆಯ ಭಾಗದಲ್ಲಿ ರಚಿತವಾದ ಮೊಘಲ್ ಕಿರುಚಿತ್ರ. ಎದುರುಬದುರಿನ ಎರಡು ಪುಟಗಳಲ್ಲಿ ಹರಡಿಕೊಂಡಿರುವ ಈ ಚಿತ್ರವು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಆ ಸಂಗ್ರಹಾಲಯವು ಹಸ್ತಪ್ರತಿಯ 116 ಚಿತ್ರಗಳನ್ನು 1896ರಲ್ಲಿ ಕೊಂಡುಕೊಂಡಿತು.

ಹಿನ್ನೆಲೆ

ಬಹುಸಂಖ್ಯೆಯ ಜನರು ಸುತ್ತುಗಟ್ಟಿ, ಕಾಡುಪ್ರಾಣಿಗಳನ್ನು ಅನೇಕ ದಿನಗಳ ಕಾಲ ಓಡಿಸುತ್ತ ಬಂದು ಒಂದು ಆವರಣದೊಳಗೆ ಕೂಡಿಹಾಕುವ ಬೇಟೆಗೆ 'ಕಮರ್ಗಾ' ಎಂದು ಹೆಸರು. ಇದರ ಮೂಲ ಮಧ್ಯ ಏಷ್ಯಾದ ಮಂಗೋಲರ ಪದ್ಧತಿಯಲ್ಲಿದೆ. ಆವರಣದೊಳಗೆ ಮೊದಲು ಬೇಟೆಯಾಡುವ ಹಕ್ಕು ದೊರೆಯದು. ಸರದಾರರ ಸರದಿ ಆಮೇಲೆ. ಚಿತ್ರದಲ್ಲಿರುವುದು 1567ರಲ್ಲಿ ಲಾಹೋರಿನ ಸಮೀಪ ನಡೆದ ಬೇಟೆ.

ಚಿತ್ರದ ವಿವರ

ಬೇಲಿಯ ಒಳಗೆ ಅಕ್ಬರನು ಕುದುರೆಯೇರಿ ಪ್ರಾಣಿಗಳನ್ನು ಬೆನ್ನಟ್ಟುತ್ತಿದ್ದಾನೆ. ದಿಕ್ಕುಗೆಟ್ಟ ಜಿಂಕೆಗಳು ಸುತ್ತಲೂ ಓಡುತ್ತಿವೆ. ಇದೇ ಬೇಟೆಯ ಸಂದರ್ಭದಲ್ಲಿ ಹಮೀದ್ ಬಕರಿ ಎಂಬ ಆಸ್ಥಾನಿಕನು ಮತ್ತೊಬ್ಬನ ಮೇಲೆ ಬಾಣ ಬಿಟ್ಟ ತಪ್ಪಿಗಾಗಿ, ಅವನ ತಲೆ ಬೋಳಿಸಿ ಕತ್ತೆಯ ಮೇಲೆ ಕೂರಿಸಿ ಬೇಟೆಯ ಬಯಲಿನ ಸುತ್ತ ಮೆರೆಸಲಾಯಿತು. ಈ ದಂಡನೆಯನ್ನೂ ಚಿತ್ರಿಸಲಾಗಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯದಲ್ಲಿರುವ, ಇದೇ ಬೇಟೆಯ ಇನ್ನೊಂದು ಚಿತ್ರದಲ್ಲಿಯೂ ಈ ಪ್ರಸಂಗವಿದೆ.

ರಚನಾ ಕೌಶಲ

ರೇಖಾವಿನ್ಯಾಸ ಪ್ರಾಣಿಚಿತ್ರಣಕ್ಕೆ ಹೆಸರಾದ ಮಿಸ್ಕಿನನದು. ಬಣ್ಣ ತುಂಬಿದವರು ಬೇರೆ ಕಲಾವಿದರು. ಅಕ್ಬರನ ಚಿತ್ರಶಾಲೆಯಲ್ಲಿ ಇಂತಹ ಶ್ರಮವಿಭಜನೆ ರೂಢಿಯಲ್ಲಿತ್ತು. ಕಾಗದದ ಮೇಲೆ ದಟ್ಟವಾದ ಜಲವರ್ಣ ಮತ್ತು ಚಿನ್ನವನ್ನು ಬಳಸಲಾಗಿದೆ. ಕಲಾವಿದರ ಹೆಸರುಗಳು ಪುಟದ ಕೆಳಅಂಚಿನಲ್ಲಿ ಕೆಂಪು ಶಾಯಿಯ ಸಣ್ಣ ಅಕ್ಷರಗಳಲ್ಲಿವೆ.

ಅರ್ಥವಿವೇಚನೆ

ಬೇಟೆಯು ಕೇವಲ ವಿನೋದವಲ್ಲ, ಪ್ರಜೆಗಳ ಮತ್ತು ಸೈನ್ಯದ ಸ್ಥಿತಿಗತಿಯನ್ನು ಅರಿಯುವ ಸಾಧನ ಎಂಬುದು 'ಅಕ್ಬರ್‌ನಾಮಾ'ದ ಕರ್ತೃ ಅಬುಲ್ ಫಜಲನ ನಿಲುವು. ಚಿತ್ರವೂ ಇದನ್ನೇ ಪುಷ್ಟೀಕರಿಸುತ್ತದೆ. ಇಲ್ಲಿ ಅಕ್ಬರನ ಆಕಾರವನ್ನು ಇತರರಿಗಿಂತ ಬೃಹತ್ತಾಗಿ ತೋರಿಸಿಲ್ಲ; ಆವರಣದೊಳಗಿನ ಸ್ಥಾನದಿಂದಲೇ ಅವನ ಅಧಿಕಾರ ವ್ಯಕ್ತವಾಗುತ್ತದೆ. ಮೃಗಗಳಂತೆ ಆಸ್ಥಾನಿಕನೂ ಅವನ ಆಜ್ಞೆಯ ವೃತ್ತವನ್ನು ಮೀರಲಾರನೆಂಬುದನ್ನು ದಂಡನೆಯ ದೃಶ್ಯ ಸೂಚಿಸುತ್ತದೆ. ಘಟನೆ ನಡೆದು ಸುಮಾರು ಎರಡು ದಶಕಗಳ ನಂತರ ಆಸ್ಥಾನದ ಆಶ್ರಯದಲ್ಲಿ ರಚಿತವಾದ್ದರಿಂದ, ಇದನ್ನು ಪ್ರತ್ಯಕ್ಷದರ್ಶಿಯ ದಾಖಲೆಗಿಂತ ಹೆಚ್ಚಾಗಿ ಅರಸೊತ್ತಿಗೆಯು ತನ್ನ ಬಗ್ಗೆ ಉಳಿಸಬಯಸಿದ ನೆನಪೆಂದು ಪರಿಗಣಿಸುವುದು ಉಚಿತ. ಆದರೂ ಬೆದರಿದ ಜಿಂಕೆಗಳ ಕಣ್ಣು, ಕಾಲುಗಳ ಚಿತ್ರಣದಲ್ಲಿ ಕಲಾವಿದರ ಸ್ವಂತ ಅವಲೋಕನ ಎದ್ದು ಕಾಣುತ್ತದೆ.