ಕವಳದ ಎರಡು ಚರಿತ್ರೆ

ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ 1443ರಲ್ಲಿ ವಿಜಯನಗರಕ್ಕೆ ಬಂದು, ಮರಳುವಾಗ ಬಾರ್ಕೂರಿನ ದಾರಿ ಹಿಡಿದ. ಆಸ್ಥಾನದಲ್ಲಿ ಮೆದ್ದ ವೀಳ್ಯವನ್ನು ಅವನು ಮನಸಾರೆ ಹೊಗಳಿದ್ದಾನೆ. ಆ ವೀಳ್ಯದಲ್ಲಿ ಹೊಗೆಸೊಪ್ಪು ಇರಲು ಸಾಧ್ಯವೇ ಇರಲಿಲ್ಲ. ಅಮೆರಿಕದ ಆ ಗಿಡ ನಮ್ಮ ಕರಾವಳಿಗೆ ಬಂದದ್ದು ಪೋರ್ಚುಗೀಸರ ಕಾಲದಲ್ಲಿ; 1604ರ ಸುಮಾರಿಗೆ ಮೊಘಲ್ ದೂತ ಅಸದ್ ಬೇಗ್ ಅದನ್ನು ಬಿಜಾಪುರದಿಂದ ಅಕ್ಬರನಿಗೆ ಹೊಸ ವಸ್ತುವೆಂದು ಒಯ್ದ. ಪೋರ್ಚುಗೀಸರು ಅಕ್ಕಿಗಾಗಿ ಬೆನ್ನುಬಿದ್ದಿದ್ದ ಬಸ್ರೂರಿನ ಈ ಸೀಮೆಯಲ್ಲಿ ಕವಳದೊಳಗೆ, ಅಂದರೆ ಮೆಲ್ಲುವ ವೀಳ್ಯದೊಳಗೆ, ಅದು ಎಷ್ಟು ಬೇರೂರಿತೆಂದರೆ, 19ನೆಯ ಶತಮಾನದ ಮೊದಲರ್ಧದಲ್ಲಿ ಕಂಪನಿ ಸರ್ಕಾರ ಕೆನರಾದ ಹೊಗೆಸೊಪ್ಪು ಮಾರಾಟವನ್ನೇ ತನ್ನ ಏಕಸ್ವಾಮ್ಯ ಮಾಡಿಕೊಂಡಿತು.

ಹೀಗಾಗಿ ಬಾಯಿ ಕ್ಯಾನ್ಸರಿನ ತಪ್ಪೆಲ್ಲ ಹೊಗೆಸೊಪ್ಪಿನದು, ಅಡಿಕೆಗೆ ದೋಷವಿಲ್ಲ ಎಂಬ ವಾದ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಹಿತವೆನಿಸುತ್ತದೆ. ಅದು ಅರ್ಧ ಸತ್ಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1985ರಲ್ಲಿ ಹೊಗೆಸೊಪ್ಪಿನ ಕವಳವನ್ನು ದೂಷಿಸಿತ್ತು. 2004ರಲ್ಲಿ ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದಿತು. ಕಾರಣದ ಒಂದು ಎಳೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ ಸಿಕ್ಕಿತು. ಅಡಿಕೆಯ ಸಾರ ತಾಗಿದ ಬಾಯಿಯ ಜೀವಕೋಶಗಳಲ್ಲಿ ಟಿಜಿಎಫ್-ಬೀಟಾ ಎಂಬ ಬೆಳವಣಿಗೆ ಅಂಶದ ಸಂಕೇತ ಚುರುಕಾಗುತ್ತದೆ. ಗಾಯ ಮಾಗಿಸಲು ನಾರು ಹೆಣೆಯುವುದು ಅದರ ಕೆಲಸ. ದಿನವೂ ಕೆನ್ನೆಯೊಳಗೆ ಕವಳ ಕೂತರೆ ನಾರು ಹೆಣೆಯುತ್ತಲೇ ಹೋಗಿ ಒಳಚರ್ಮ ಬಿಳಿಚುತ್ತದೆ, ಗಡುಸಾಗುತ್ತದೆ, ಬಾಯಿಯಲ್ಲಿ ಮೂರು ಬೆರಳು ಹಿಡಿಸದಂತಾಗುತ್ತದೆ. ಇದೇ ಟಿಜಿಎಫ್-ಬೀಟಾ ಗಡ್ಡೆಯ ಸುತ್ತ ಹೆಚ್ಚಾದರೆ ಕ್ಯಾನ್ಸರ್ ಕೋಶವನ್ನು ಕೊಲ್ಲಬೇಕಾದ ಟಿ ಕೋಶಗಳ ಕೈಕಟ್ಟುತ್ತದೆ.

ಅಜ್ಜ ಅಜ್ಜಿ ಜೀವಮಾನವಿಡೀ ಮೆದ್ದರೂ ಏನಾಗಲಿಲ್ಲವಲ್ಲ ಎನ್ನುವವರಿದ್ದಾರೆ. ನೂರು ವರ್ಷದ ಹಿಂದೆ ದೇಶದ ಸರಾಸರಿ ಆಯಸ್ಸು 30 ದಾಟಿರಲಿಲ್ಲ. ದಶಕಗಟ್ಟಲೆ ಕಾಯುವ ರೋಗ ತಲೆಯೆತ್ತುವ ಮೊದಲೇ ಬಹುಪಾಲು ಜನ ತೀರಿಕೊಂಡಿರುತ್ತಿದ್ದರು. ವೀಳ್ಯವಿಲ್ಲದೆ ಮದುವೆಯಿಲ್ಲ, ಪೂಜೆಯಿಲ್ಲ ಎಂಬ ಮಾತಿಗೆ ನನ್ನ ತಕರಾರಿಲ್ಲ. ಕೊಡುವ, ಸ್ವೀಕರಿಸುವ ಮರ್ಯಾದೆಗೆ ಮೆಲ್ಲಲೇಬೇಕೆಂಬ ಕಟ್ಟಳೆ ಇಲ್ಲ. ಪ್ರಸಾದದ ಅಡಿಕೆಯನ್ನು ಕಣ್ಣಿಗೊತ್ತಿ ಎತ್ತಿಡುವವರು ಇಂದಿಗೂ ಇದ್ದಾರೆ. ಬೆಳೆಗಾರರ ಸಂಕಟವೇ ಗಟ್ಟಿಯಾದ ಆಕ್ಷೇಪ. ತೋಟ ನಂಬಿದವರ ಬದುಕಿಗೆ ಬೇರೆ ದಾರಿ ತೋರಿಸುವುದು ಸರ್ಕಾರದ ಹೊಣೆ. ರೋಗದ ಸತ್ಯ ಮುಚ್ಚಿಟ್ಟರೆ ಆ ಸಂಕಟಕ್ಕೆ ಪರಿಹಾರ ಸಿಗುವುದಿಲ್ಲ. ಕ್ಯಾನ್ಸರಿನ ಚಿಕಿತ್ಸೆ ಮುಂದೆ ಸಾಗಿದೆ ನಿಜ. ಇಜಿಎಫ್ ಎಂಬ ಇನ್ನೊಂದು ಬೆಳವಣಿಗೆ ಅಂಶ ಬಂದು ಕೂರುವ ಗ್ರಾಹಕವನ್ನು ತಡೆಯುವ ನಿಮೋಟುಜುಮಾಬ್ ಎಂಬ ಔಷಧವನ್ನು ಬೆಂಗಳೂರಿನ ಬಯೋಕಾನ್ 2006ರಲ್ಲಿ ತಲೆ-ಕುತ್ತಿಗೆಯ ಕ್ಯಾನ್ಸರಿಗೆ ಬಿಡುಗಡೆ ಮಾಡಿತು. ಅದರಿಂದ ಹಲವರಿಗೆ ಅನುಕೂಲವಾಗಿದೆ. ನಾರುಗಟ್ಟಿದ ಕೆನ್ನೆಯನ್ನು ಮೊದಲಿನಂತೆ ಮೆತ್ತಗಾಗಿಸುವ ಔಷಧ ಮಾತ್ರ ಇನ್ನೂ ಬಂದಿಲ್ಲ.