ಪೋಲಿಯೋ ಇಲ್ಲವೆಂಬ ಪ್ರಮಾಣಪತ್ರ

ಡಲ್ಲಾಸ್‌ನ ಪಾಲ್ ಅಲೆಕ್ಸಾಂಡರ್ ಅವರಿಗೆ ಪೋಲಿಯೋ ತಗುಲಿದ್ದು 1952ರಲ್ಲಿ, ಆರನೆಯ ವಯಸ್ಸಿನಲ್ಲಿ. ಕಬ್ಬಿಣದ ಶ್ವಾಸಯಂತ್ರವನ್ನೇ ನೆಚ್ಚಿಕೊಂಡು, ಆಸ್ಟಿನ್‌ನಲ್ಲಿ ಕಾನೂನು ಓದಿ ವಕೀಲರಾಗಿ, 2024ರವರೆಗೆ ಬಾಳಿದರು.

ಅಮೆರಿಕ ಖಂಡಗಳಲ್ಲಿ ಸಹಜ ಪೋಲಿಯೋ ವೈರಸ್ಸಿನ ಕೊನೆಯ ರೋಗಿ 1991ರಲ್ಲಿ ಪೆರುವಿನಲ್ಲಿ ಕಂಡರೂ ಪ್ರಮಾಣಪತ್ರ ಸಿಕ್ಕಿದ್ದು 1994ರಲ್ಲಿ. ಮೂರು ವರ್ಷ ಏಕೆ ಕಾಯಬೇಕಿತ್ತು? ರೋಗಿ ಕಾಣಲಿಲ್ಲವೆಂದರೆ ಸಾಲದು, ಹುಡುಕಿಯೂ ಸಿಗಲಿಲ್ಲವೆಂದು ತೋರಿಸಬೇಕು. ಹದಿನೈದರೊಳಗಿನ ಯಾವ ಮಗುವಿಗೆ ಹಠಾತ್ತನೆ ಕೈಕಾಲು ಸೋತರೂ ಮಲದ ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು. ಪತ್ರದ ಬೆಲೆಯೆಲ್ಲ ಈ ಹುಡುಕಾಟದಲ್ಲೇ ಇದೆ ಎನ್ನಬೇಕು.

ನಮ್ಮ ತವರಿಗೆ ಅದು ಬಂದದ್ದು ಇಪ್ಪತ್ತು ವರ್ಷದ ನಂತರ, 2014ರ ಮಾರ್ಚ್ 27ರಂದು. ಭಾರತದ ಕೊನೆಯ ರೋಗಿ 2011ರ ಜನವರಿಯಲ್ಲಿ ಹೌರಾ ಜಿಲ್ಲೆಯ ಮಗು. 1995ರಲ್ಲಿ ಶುರುವಾದ ಪಲ್ಸ್ ಪೋಲಿಯೋದ ಎರಡು ಹನಿ ಮಾತ್ರ ಪತ್ರ ಬಂದ ಮೇಲೂ ನಿಲ್ಲಲಿಲ್ಲ. ನೆರೆಯ ಪಾಕಿಸ್ತಾನದಲ್ಲಿ ವೈರಸ್ ಇನ್ನೂ ಉಳಿದಿತ್ತು.