ಕಾಡಿನ ಉಸಿರಿನ ಲೆಕ್ಕ

ಇತಿಹಾಸವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುವು ಶಾಸನಗಳು, ಕೋಟೆಗಳು, ಕಾಳಗಗಳು. ಕಾಡಿಗೂ ಒಂದು ಇತಿಹಾಸವುಂಟು; ಅದನ್ನು ಓದುವವರು ವಿರಳ. ಅಂಥ ಒಂದು ಕಾಡನ್ನೂ ಅದರ ಉಸಿರನ್ನು ಅಳೆಯಹೊರಟ ವಿಜ್ಞಾನಿಗಳನ್ನೂ ಕುರಿತು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಪೀಟರ್‌ಷ್ಯಾಮ್ ಎಂಬ ಊರಿದೆ. ಹಾರ್ವರ್ಡ್ ವಿಶ್ವವಿದ್ಯಾಲಯ 1907ರಲ್ಲಿ ಅಲ್ಲಿ ಅಧ್ಯಯನಕ್ಕೆಂದೇ ಒಂದು ಅರಣ್ಯವನ್ನು ಸ್ಥಾಪಿಸಿತು. ಕೆಂಪು ಓಕ್, ಕೆಂಪು ಮೇಪಲ್ ಮೊದಲಾದ ಎಲೆಯುದುರುವ ಗಟ್ಟಿಮರಗಳು ಅಲ್ಲಿ ದಟ್ಟವಾಗಿವೆ. ನೋಡಿದವರು ಅನಾದಿಕಾಲದ ಅರಣ್ಯವೆಂದೇ ತಿಳಿದಾರು. ಆದರೆ ಮರಗಳ ನಡುವೆ ಉದ್ದಕ್ಕೂ ಹಾಯ್ದಿರುವ ಕಲ್ಲಿನ ಗೋಡೆಗಳು ಬೇರೆಯ ಕಥೆಯನ್ನೇ ಹೇಳುತ್ತವೆ. ಅವು ಹಿಂದಿನ ಹೊಲಗಳ, ಹುಲ್ಲುಗಾವಲುಗಳ ಎಲ್ಲೆಗಳು.

ಹದಿನೆಂಟನೆಯ ಶತಮಾನದಲ್ಲಿ ಬಂದು ನೆಲೆಸಿದ ವಲಸೆಗಾರರು ಕಾಡು ಕಡಿದು ಸಾಗುವಳಿ ಮಾಡಿದರು. ಹತ್ತೊಂಬತ್ತನೆಯ ಶತಮಾನದ ನಡುವಿಗೆ ಅಲ್ಲಿನ ಬಹುಪಾಲು ನೆಲ ಬಯಲಾಗಿತ್ತು. ಅಷ್ಟರಲ್ಲಿ ಕಾಲುವೆಗಳೂ ರೈಲುಗಳೂ ಪಶ್ಚಿಮದ ಫಲವತ್ತಾದ ನೆಲದ ಧಾನ್ಯವನ್ನು ಅಗ್ಗವಾಗಿ ತಂದವು. ಗಿರಣಿಗಳು ಜನರನ್ನು ಪಟ್ಟಣಕ್ಕೆ ಸೆಳೆದವು. ಬೀಳುಬಿಟ್ಟ ಹೊಲಗಳಲ್ಲಿ ಬಿಳಿ ಪೈನ್ ಮರಗಳೆದ್ದವು. ಅವನ್ನು ಕಡಿದಾಗ, ಕೆಳಗೆ ಕಾದಿದ್ದ ಓಕ್, ಮೇಪಲ್ ಸಸಿಗಳು ತಲೆಯೆತ್ತಿದವು. ಪೈನ್ ಕಡಿದಲ್ಲಿ ಓಕ್ ಬೆಳೆಯುವುದೇಕೆ ಎಂಬುದನ್ನು ಹೆನ್ರಿ ಡೇವಿಡ್ ಥೋರೋ 1860ರಲ್ಲೇ ಕಾಂಕರ್ಡಿನ ರೈತರ ಮುಂದೆ ವಿವರಿಸಿದ್ದ: ಅಳಿಲುಗಳೂ ಹಕ್ಕಿಗಳೂ ಓಕ್ ಬೀಜಗಳನ್ನು ಒಯ್ದು ಪೈನ್ ನೆರಳಿನಲ್ಲಿ ಹುಗಿದಿಡುತ್ತವೆ. 1938ರ ಸೆಪ್ಟೆಂಬರಿನಲ್ಲಿ ಭೀಕರ ಚಂಡಮಾರುತವೊಂದು ಆ ಪ್ರದೇಶದ ಮರಗಳನ್ನು ಉರುಳಿಸಿತು. ಕಾಡು ಮತ್ತೆ ಚಿಗುರಿತು.

ಈ ಕಾಡಿನಲ್ಲಿ 1989ರಲ್ಲಿ ಮೂವತ್ತು ಮೀಟರ್ ಎತ್ತರದ ಗೋಪುರವೊಂದು ಎದ್ದಿತು. ಸ್ಟೀವನ್ ವಾಫ್ಸಿ ಮತ್ತು ಸಂಗಡಿಗರ ಉದ್ದೇಶ, ಕಾಡು ಗಾಳಿಯಿಂದ ಎಷ್ಟು ಇಂಗಾಲವನ್ನು ಪಡೆಯುತ್ತದೆ, ಎಷ್ಟನ್ನು ಮರಳಿಸುತ್ತದೆ ಎಂದು ತಿಳಿಯುವುದು. ಮರಗಳ ತಲೆಯ ಮೇಲೆ ಗಾಳಿ ಸುಳಿಸುಳಿಯಾಗಿ ಏರಿಳಿಯುತ್ತಿರುತ್ತದೆ. ಒಂದು ಉಪಕರಣ ಶಬ್ದತರಂಗಗಳಿಂದ ಆ ಏರಿಳಿತದ ವೇಗವನ್ನು ಸೆಕೆಂಡಿಗೆ ಹಲವು ಸಲ ಅಳೆಯುತ್ತದೆ. ಇನ್ನೊಂದು ಅದೇ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅಳೆಯುತ್ತದೆ. ಇಳಿಯುವ ಗಾಳಿಗಿಂತ ಏರುವ ಗಾಳಿಯಲ್ಲಿ ಆ ಅನಿಲ ಕಡಿಮೆಯಿದ್ದರೆ, ಕಾಡು ಅಷ್ಟನ್ನು ಉಳಿಸಿಕೊಂಡಿತೆಂದು ಅರ್ಥ. ಬೇಸಿಗೆಯ ಹಗಲು ಜಮಾ. ಇರುಳು ಮತ್ತು ಚಳಿಗಾಲ ಖರ್ಚು. ಗಾಳಿ ನಿಂತ ಇರುಳುಗಳಲ್ಲಿ ಅನಿಲ ಮರಗಳ ಕೆಳಗೇ ತಂಗಿ ಗೋಪುರದ ಕಣ್ಣಿಗೆ ಬೀಳದು. ಅಂಥ ಇರುಳುಗಳ ಲೆಕ್ಕವನ್ನು ಬೇರೆ ಬಗೆಯಿಂದ ತುಂಬಬೇಕು.

1992ರಿಂದ 2004ರವರೆಗಿನ ಲೆಕ್ಕದಂತೆ, ಕಾಡು ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ ಎರಡೂವರೆ ಟನ್, ಅಂದರೆ ಎಕರೆಗೆ ಸುಮಾರು ಒಂದು ಟನ್ ಇಂಗಾಲವನ್ನು ಕೂಡಿಟ್ಟಿತ್ತು. ಮರಗಳಿಗೆ ಎಪ್ಪತ್ತೈದರಿಂದ ನೂರಹತ್ತು ವರ್ಷ ವಯಸ್ಸಾಗಿದ್ದರೂ ಆ ವೇಗ ತಗ್ಗಲಿಲ್ಲ. ಆ ಅವಧಿಯಲ್ಲಿ ಸುಮಾರು ಇಮ್ಮಡಿಯಾಯಿತು.

ಈ ಅಂಕಿಯನ್ನು ಕಂಡು ನಾವು ಹಿಗ್ಗಿ ಮೈಮರೆಯಬಹುದೇ? ಇದು ಪ್ರಕೃತಿಯ ಔದಾರ್ಯದ ಅಳತೆಯಷ್ಟೇ ಅಲ್ಲ. ಕೊಡಲಿಯ, ಬೀಳುಬಿಟ್ಟ ನೇಗಿಲಿನ, ಬಿರುಗಾಳಿಯ ಅಳತೆಯೂ ಹೌದು. ಕಡಿಯದ ಕಾಡಾಗಿದ್ದರೆ ಅಲ್ಲಿ ಮತ್ತೆ ತುಂಬಿಕೊಳ್ಳುವ ಮಾತೇ ಇರುತ್ತಿರಲಿಲ್ಲ. ಅಜ್ಜಂದಿರು ತೆಗೆದ ಬಂಡವಾಳವನ್ನು ಮರಗಳು ಕಂತುಕಂತಾಗಿ ತುಂಬುತ್ತಿವೆ. ಅದನ್ನೇ ನಾವು ಕಲ್ಲಿದ್ದಲು, ಎಣ್ಣೆ ಸುಡುವ ನಮ್ಮ ಹೊಸ ಸಾಲಕ್ಕೆ ಜಮಾ ಹಿಡಿದರೆ ಲೆಕ್ಕ ತಪ್ಪುತ್ತದೆ. ನೂರು ವರ್ಷ ಕೂಡಿಟ್ಟದ್ದನ್ನು ಉರುಳಿಸಲು 1938ರ ಗಾಳಿಗೆ ಒಂದು ದಿನ ಸಾಕಾಯಿತು. ಬೆಳೆಯುತ್ತಿರುವ ಕಾಡನ್ನು ಉಳಿಸಿಕೊಳ್ಳಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಸಾಲಕ್ಕೆ ಅದನ್ನು ಜಾಮೀನು ನಿಲ್ಲಿಸುವುದು ನ್ಯಾಯವಲ್ಲವೆಂದು ನನ್ನ ಭಾವನೆ.